ಕಟ್ಟೆಯ ಬುಡದ ಖಾಲಿ ಚೌಕ

ನಾನು ಒಂದು ಖಾಲಿ ಚೌಕ. ಮರ, ಮಣ್ಣು, ಲೋಹ ಯಾವುದೂ ನನ್ನ ಮೈಯಲ್ಲಿಲ್ಲ. ದಾವಣಗೆರೆಯ ಅಂಬುಜಾಕ್ಷಿ ಎಂಬುವರು ಅಂತರ್ಜಾಲದಲ್ಲಿ ಅಮ್ಮಂದಿರಿಗಾಗಿ ಒಂದು ಮಾತುಕತೆಯ ತಾಣ ಮಾಡಿ, ಅದಕ್ಕೆ ‘ಕಟ್ಟೆ’ ಎಂದು ಹೆಸರಿಟ್ಟಿದ್ದರು. ಅಲ್ಲಿ ಒಬ್ಬರು ಏನಾದರೂ ಕೇಳುವರು, ಬಿಡುವಾದವರು ಉತ್ತರ ಬರೆಯುವರು. ತಾಣದ ಖರ್ಚು ತೂಗಿಸಲು ಪ್ರತಿ ಪುಟದ ಬುಡದಲ್ಲಿ ಜಾಹೀರಾತಿಗೆಂದು ಒಂದಿಷ್ಟು ಜಾಗ ಬಿಟ್ಟರು. ಆ ಜಾಗವೇ ನಾನು. ಅವರ ಕುಕ್ಕರು ಎರಡನೆಯ ಸಲ ಕೂಗಿ ಮೂರನೆಯದಕ್ಕೆ ಕಾಯುತ್ತಿದ್ದ ಹೊತ್ತಿನಲ್ಲಿ, ತಂಗಿಯ ಮಗಳು ಫೋನಿನಲ್ಲಿ ಹೇಳಿಕೊಟ್ಟಂತೆ ನಾಲ್ಕಾರು ಸಾಲು ಅಂಟಿಸಿದರು. ನಾನು ಹುಟ್ಟಿದೆ.

ಹುಟ್ಟಿದ ಕೂಡಲೇ ನನ್ನೊಳಗೆ ಒಂದು ಗ್ರೈಂಡರು ಬಂದು ಕುಳಿತಿತು. ಮೇಲೆ ನೋಡಿದರೆ ಅಮ್ಮಂದಿರು ಇಡ್ಲಿ ಹಿಟ್ಟು ಯಾಕೆ ಉಬ್ಬಿಲ್ಲ ಎಂದು ಮಾತಾಡಿಕೊಳ್ಳುತ್ತಿದ್ದರು! ಇನ್ನೊಂದು ಪುಟದಲ್ಲಿ ಮಗುವಿಗೆ ಹಲ್ಲು ಬರುವ ಮಾತು ಎದ್ದಿತು. ಅಲ್ಲಿ ನನ್ನೊಳಗೆ ಪುಟ್ಟ ಬ್ರಶ್ಶು ಬಂತು. ಹರಿಹರದ ಶೈನಾಜ್ ಎಂಬ ಹೊಲಿಗೆಯವಳು ಬ್ಲೌಸಿನ ಅಳತೆ ಬರೆದಾಗ ಹೊಲಿಗೆ ಯಂತ್ರ ಬಂತು. ಮಾತು ಮುಗಿಯುವುದರೊಳಗೆ ಸಾಮಾನು ಹಾಜರ್. ನಾನು ಬೆರಗಾಗಿ ಹೋದೆ.

ಏನು ಬರಬೇಕೆಂದು ಆರಿಸುವುದು ನಾನಲ್ಲ. ಎಲ್ಲೋ ದೂರದಲ್ಲಿ ಓದುವ ಯಂತ್ರವೊಂದಿದೆ. ಯಾರಾದರೂ ಪುಟ ತೆರೆದರೆ ಸಾಕು, ಆ ಪುಟದ ಮಾತು ಯಾವುದರ ಸುತ್ತ ಸುತ್ತುತ್ತಿದೆ ಎಂದು ಅದು ಲೆಕ್ಕ ಹಾಕುತ್ತದೆ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಚಿಕ್ಕಪುಟ್ಟ ಪದಗಳನ್ನು ಆಚೆ ಹಾಕುತ್ತದೆ, ವಸ್ತುಗಳ ಹೆಸರನ್ನು ಇಟ್ಟುಕೊಳ್ಳುತ್ತದೆ. ಮತ್ತೆ ಮತ್ತೆ ಬಂದ ಹೆಸರಿಗೆ ಹೆಚ್ಚು ತೂಕ. ಪುಟದ ತಲೆಬರಹದಲ್ಲಿದ್ದರೆ ಇನ್ನೂ ಹೆಚ್ಚು. ಆ ಹೆಸರು ಬೇಕೆಂದ ವ್ಯಾಪಾರಿಗಳೆಲ್ಲ ನನ್ನ ಮೇಲೆ ಹರಾಜು ಕೂಗುತ್ತಾರೆ. ಕೂಗಿ, ಗೆದ್ದು, ಚಿತ್ರ ಕಳಿಸಿ, ಅದು ನನ್ನೊಳಗೆ ಇಳಿಯುವಷ್ಟರಲ್ಲಿ ಪುಟ ತೆರೆದವಳು ಒಮ್ಮೆ ಕಣ್ಣು ಮಿಟುಕಿಸಿರುತ್ತಾಳೆ, ಅಷ್ಟೇ. ಸಾವಿರ ಫೋನುಗಳಲ್ಲಿ ಸಾವಿರ ನಾನು, ಎಲ್ಲ ಕಡೆಯೂ ಇದೇ ಹರಾಜು. ಇದಕ್ಕಿಂತ ದೊಡ್ಡ ಸೋಜಿಗ ಲೋಕದಲ್ಲಿ ಇರಲಾರದೆಂದು ಬಹಳ ಕಾಲ ನಂಬಿದ್ದೆ.

ಹಾಗಿರುವಾಗ ಗುಳೇದಗುಡ್ಡದ ಶಿವಲೀಲಾ ಒಂದು ಪುಟ ತೆರೆದಳು. ‘ತೊಟ್ಟಿಲು ಏನು ಮಾಡಲಿ?’ ಎಂದು ತಲೆಬರಹ.

“ಅಕ್ಕಾರ, ಏಳ ತಿಂಗಳಿಗೇ ಹೊಟ್ಟ್ಯಾಗ ಹೋತು ನನ್ನ ಕೂಸು. ಅಪ್ಪ ಸಂತೋಷದಾಗ ಮೊದಲ ತೊಟ್ಟಲಾ ಮಾಡ್ಸಿ ಕಳಿಸಿದ್ದ. ಅದು ಪಡಸಾಲ್ಯಾಗ ನಿಂತೈತಿ. ಮನ್ಯಾಗ ಯಾರೂ ಅದನ್ನ ಮುಟ್ಟವಲ್ರು, ನನ್ನ ಸೈತ ಮಾತಾಡಸವಲ್ರು. ನನಗ ಎದ್ದು ಮುಖಾ ತೊಳಕೊಳ್ಳಾಕೂ ಮನಸ್ಸಿಲ್ಲ.”

ಓದುವ ಯಂತ್ರ ಎಂದಿನಂತೆ ಓದಿತು. ಕೂಸು, ತಿಂಗಳು, ತೊಟ್ಟಿಲು. ‘ಹೋತು’ ಎಂಬ ಮಾತೂ ಅಲ್ಲಿತ್ತು; ಆದರೆ ಹೋದದ್ದನ್ನು ಯಾರು ಮಾರುತ್ತಾರೆ, ಯಾರು ಕೊಳ್ಳುತ್ತಾರೆ? ಅದಕ್ಕೆ ತೂಕ ಬೀಳಲಿಲ್ಲ. ಹರಾಜು ನಡೆಯಿತು. ನನ್ನೊಳಗೆ ಒಂದು ಗುಲಾಬಿ ಬಣ್ಣದ ತೊಟ್ಟಿಲು ಇಳಿಯಿತು. ಬ್ಯಾಟರಿಯ ತೊಟ್ಟಿಲು. ‘ತಾನೇ ತೂಗುತ್ತದೆ, ತಾಯಿಗೆ ಬಿಡುವು’ ಎಂದು ಬರೆದಿತ್ತು. ಒಳಗೆ ಮಗುವಿರಲಿಲ್ಲ. ಅದು ಅತ್ತಿಂದಿತ್ತ, ಇತ್ತಿಂದತ್ತ ತೂಗತೊಡಗಿತು.

ಆ ಚಿತ್ರ ಮಾಡಿದವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಕಡೆ ಖಾಲಿ ತೊಟ್ಟಿಲನ್ನು ಯಾರೂ ತೂಗುವುದಿಲ್ಲ. ಮಕ್ಕಳು ಆಟಕ್ಕೆಂದು ಹಗ್ಗಕ್ಕೆ ಕೈ ಹಾಕಿದರೂ ಒಳಗಿನಿಂದ ಅಜ್ಜಿ ಗದರುತ್ತಾಳೆ.

ಕಟ್ಟೆಯವರು ಓಡಿ ಬಂದರು. ಒಗ್ಗರಣೆ ಇಳಿಸಿ ಬಂದವರು, ಒಂದು ಕೈಯಲ್ಲಿ ಮಗು ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಬರೆದವರು. ಅಯ್ಯೋ ಕೂಸೇ, ಅಯ್ಯೋ ತೊಟ್ಟಿಲೇ ಎಂದು ಮರುಗಿದರು. ತೊಟ್ಟಿಲನ್ನು ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕು ಎಂದರು, ತೊಟ್ಟಿಲು ತವರಿಗೆ ಕಳಿಸಬೇಡ ಎಂದರು. ಅವರು ಸಮಾಧಾನ ಹೇಳಿದಷ್ಟೂ ಆ ಹೆಸರಿಗೆ ತೂಕ ಏರಿತು. ಗುಲಾಬಿಯದು ಹೋಗಿ ನೀಲಿಯದು ಬಂತು, ಅದೂ ತೂಗಿತು. ಶಿವಲೀಲಾ ಉತ್ತರ ಓದಲು ಬಂದಾಗಲೆಲ್ಲ ಅವಳ ಫೋನಿನ ಬಿರುಕು ಬಿಟ್ಟ ಗಾಜಿನ ಕೆಳಗೆ ನಾನೇ. ನನ್ನ ಮೂಲೆಯ ಕತ್ತರಿ ಗುರುತು ಒತ್ತಿ ಮುಚ್ಚಿದಳು. ಮತ್ತೆ ತೆರೆದರೆ ಮತ್ತೆ ನಾನೇ.

ಕೊನೆಗೆ ಒಂದೇ ಸಾಲು ಬರೆದಳು.

“ಈ ಪುಟದ ಕೆಳಗ ಖಾಲಿ ತೊಟ್ಟಲಾ ತೂಗಾಕತ್ತೈತಿ. ಯಾರರ ನಿಲ್ಲಸ್ರಿ, ಇಲ್ಲಾಂದ್ರ ನಾ ಇಲ್ಲಿಗೆ ಬರೂದಿಲ್ಲ.”

ಮನೆಯಲ್ಲಿ ಮಾತಿಲ್ಲದವಳಿಗೆ ಇದ್ದ ಒಂದು ಕಟ್ಟೆಯೂ ತಪ್ಪಿಹೋಗುತ್ತಿತ್ತು. ನನ್ನನ್ನು ಕಿತ್ತುಹಾಕಬಲ್ಲವರು ಅಂಬುಜಾಕ್ಷಿ ಒಬ್ಬರೇ. ಅವರು ಕಣ್ಣಿನ ಪೊರೆ ತೆಗೆಸಿಕೊಂಡು, ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಫೋನ್ ಮಾಡಿದರೆ ಮಗಳು ಎತ್ತಿ, “ಅಮ್ಮಂಗೆ ಫೋನ್ ನೋಡೋ ಹಾಗಿಲ್ಲ, ಪಾಸ್‌ವರ್ಡೂ ನೆನಪಿಗೆ ಬರ್ತಿಲ್ಲ” ಎಂದಳಂತೆ.

ಆಗ ಶೈನಾಜ್ ಬೇರೊಂದು ಪುಟದಲ್ಲಿ ಎಲ್ಲರನ್ನೂ ಕೂಗಿದಳು.

“ಅಕ್ಕಂದಿರಾ, ಇಲ್ಲಿ ಬರ್ರಿ. ನಾನು ಬ್ಲೌಸ್ ಅಂದಾಗ ಕೆಳಗೆ ಹೊಲಿಗೆ ಮಷೀನ್ ಬಂದಿದ್ದು ನೆನಪೈತಾ? ಈಗ ನಾವೇ ತೊಟ್ಲು ತೊಟ್ಲು ಅಂತ ಕೂಗಿ ಕರೀತಾ ಇದೀವಿ. ಮೊದ್ಲು ಬರೆದಿದ್ದು ಅಳಿಸ್ರಿ. ಶಿವಲೀಲಾ ಪುಟಕ್ಕೆ ಹೋಗಿ ಬೇರೆ ಏನಾದ್ರೂ ಮಾತಾಡಾಣ. ರಾಶಿ ರಾಶಿ ಮಾತಾಡಾಣ.”

“ಬೇರೆ ಎಂತ ಮಾತಾಡುದು ಮಾರಾಯ್ತಿ?” ಮಲ್ಪೆಯ ವಾರಿಜಾ ಕೇಳಿದಳು. “ನಂಗೆ ಗೊತ್ತಿರುದು ಮೀನು ಮಾತ್ರ. ಬಂಗುಡೆ ಬಂದೀತು. ಬಂದ್ರೂ ಅದು ತೂಗುದಿಲ್ಲಲ್ಲ.”

“ಶಿವಲೀಲಾ ಕೊರಳಾಗೆ ಲಿಂಗ ಕಟ್ಟಿಕೊಂಡಾಕಿ. ಅವಳ ಫೋನ್‌ನಾಗೆ ಬಂಗುಡೆ ಕುಣಿಸ್ತೀಯಾ? ಒಂದು ಕಳೀಲಿ ಅಂದ್ರೆ ಇನ್ನೊಂದು ತರ್ತೀಯಲ್ಲೇ!”

“ಹಾಗಾದ್ರೆ ನೀನೇ ಹೇಳು.”

“ಅವಳಿಗೆ ಈಗ ಏನು ಬೇಕು, ಅದನ್ನ ಬರೆಯಾಣ.”

ವಾರಿಜಾ ಬರೆದಳು: “ಬಿಸಿನೀರು. ಮಡಿಲಲ್ಲಿ ಕೂಸು ಇರ್ಲಿ ಇಲ್ದಿರ್ಲಿ, ಅದು ಹೆತ್ತ ಮೈ ಅಲ್ವಾ? ಅವಳಿಗೆ ಯಾರಾದ್ರೂ ಮೀಯಿಸಿದ್ದಾರಾ?”

ಅಲ್ಲಿಂದ ಮುಂದೆ ನಾನು ಕಂಡದ್ದನ್ನು ಹೇಗೆ ಹೇಳಲಿ! ಒಬ್ಬೊಬ್ಬರೇ ಬಂದು ತಮ್ಮ ಹಳೆಯ ಮಾತು ಅಳಿಸಿದರು. ಆಮೇಲೆ ಬಚ್ಚಲಿನ ಮಾತು ಶುರುವಾಯಿತು. ಹಂಡೆಯಲ್ಲಿ ನೀರು ಎಷ್ಟು ಕಾಯಬೇಕು, ಎಣ್ಣೆ ನೆತ್ತಿಗೆ ಮೊದಲೋ ಅಂಗಾಲಿಗೆ ಮೊದಲೋ. ಒಬ್ಬಳು ತನ್ನ ಅತ್ತೆ ಕಾಲಿನ ಮೇಲೆ ಮಲಗಿಸಿಕೊಂಡು ಬೆನ್ನು ತಿಕ್ಕಿದ್ದನ್ನು ಬರೆದಳು. ಇನ್ನೊಬ್ಬಳು ಸೀಗೆಪುಡಿ ಕಣ್ಣಿಗೆ ಬಿದ್ದು ಬೊಬ್ಬೆ ಹೊಡೆದ ಕತೆ ಹೇಳಿದಳು. ತಾಮ್ರದ ಹಂಡೆ ಹುಣಸೆಹಣ್ಣಿನಿಂದ ಉಜ್ಜಬೇಕೋ ನಿಂಬೆಯಿಂದಲೋ ಎಂದು ನಿಜವಾಗಿಯೇ ಜಗಳ ಹತ್ತಿತು. ಶೈನಾಜ್ ನಡುನಡುವೆ, “ಹಂಡೆ ಬಿಡಬ್ಯಾಡ್ರಿ, ಹಂಡೆ ಹಂಡೆ!” ಎಂದು ಹುರಿದುಂಬಿಸಿದಳು.

ಯಂತ್ರ ಮತ್ತೆ ಓದಿತು. ತೊಟ್ಟಿಲೇ ಬಂತು. ತಲೆಬರಹದ ತೂಕ ಅಷ್ಟು ಸುಲಭಕ್ಕೆ ಇಳಿಯುವಂಥದ್ದಲ್ಲ. ಅವರು ಬೇಸರಿಸಲಿಲ್ಲ. ಊಟಕ್ಕೆ ಬಡಿಸಿ ಬಂದು ಬರೆದರು, ಬಟ್ಟೆ ಒಣಹಾಕಿ ಬಂದು ಬರೆದರು, ಅಕ್ಕಪಕ್ಕದ ಮನೆಯವರನ್ನೂ ಕರೆತಂದು ಬರೆಸಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಯಂತ್ರ ಇನ್ನೊಮ್ಮೆ ಓದಿತು, ಹರಾಜು ನಡೆಯಿತು, ನನ್ನೊಳಗೆ ಏನೋ ಭಾರವಾಗಿ ಇಳಿಯಿತು. ಒಂದು ತಾಮ್ರದ ಹಂಡೆ. ಅಲುಗಾಡದೆ ಕುಳಿತಿತ್ತು.

ಅಷ್ಟು ದೊಡ್ಡ ಯಂತ್ರವನ್ನು, ಅದು ಎಲ್ಲಿದೆ ಎಂದೂ ತಿಳಿಯದ ಹೆಂಗಸರು, ಬರೀ ಮಾತಿನಿಂದ ಪಕ್ಕಕ್ಕೆ ಸರಿಸಿದ್ದರು. ನನ್ನ ಹಳೆಯ ಬೆರಗೆಲ್ಲ ಆ ಸಂಜೆ ಚಿಕ್ಕದಾಗಿ ಹೋಯಿತು.

ಶಿವಲೀಲಾ ಬರುತ್ತಾಳೋ ಇಲ್ಲವೋ ಎಂದು ಎಲ್ಲರೂ ಕಾದರು. ಮರುದಿನ ಬೆಳಿಗ್ಗೆ ಬಂದಳು. ಮೇಲಿನಿಂದ ಕೆಳಗಿನವರೆಗೆ ಓದಿದಳು. ನನ್ನನ್ನೂ ನೋಡಿದಳು, ಈ ಸಲ ಮುಚ್ಚಲಿಲ್ಲ.

“ನೀರು ಕಾಯಾಕ ಇಟ್ಟೀನ್ರಿ ಅಕ್ಕಾರ” ಎಂದು ಬರೆದಳು.

ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಅಂಬುಜಾಕ್ಷಿ ಆ ಪುಟದಿಂದ ನನ್ನನ್ನು ತೆಗೆಯಲು ಬಂದರು. ಹಂಡೆ ನೋಡಿ, ಇರಲಿ ಬಿಡು ಎಂದು ಬಿಟ್ಟರು.

ಈಗ ನನಗೆ ವಯಸ್ಸಾಗಿದೆ. ಅಮ್ಮಂದಿರು ಫೋನಿನ ಗುಂಪುಗಳಿಗೆ ಹೋದರು. ಅಂಬುಜಾಕ್ಷಿಯವರ ಮಗಳು ತಾಯಿಯ ನೆನಪಿಗೆಂದು ಕಟ್ಟೆಯನ್ನು ಉಳಿಸಿಕೊಂಡಿದ್ದಾಳೆ. ನೋಡುವವರಿಲ್ಲದ ಜಾಗವನ್ನು ಯಾರು ಹರಾಜಿನಲ್ಲಿ ಕೂಗುತ್ತಾರೆ? ನನ್ನೊಳಗೆ ಏನೂ ಬರುವುದಿಲ್ಲ. ಬೆಳ್ಳಗೆ ಇದ್ದೇನೆ.

ಮೊನ್ನೆ ಒಬ್ಬಳು, ಹೆಸರು ಹೇಳದವಳು, ಎಲ್ಲೆಲ್ಲೋ ಹುಡುಕುತ್ತ ಆ ಹಳೆಯ ಪುಟಕ್ಕೆ ಬಂದು ಬರೆದಳು: “ನನಗೂ ಹೀಗೇ ಆಗಿದೆ. ಇಲ್ಲಿ ಈಗ ಯಾರಾದರೂ ಇದ್ದೀರಾ?”

ನಾನು ಬಾಯಿಲ್ಲದವನು, ಹೂಂ ಎನ್ನಲಾರೆ. ಆದರೆ ಆ ಪುಟದಲ್ಲಿ ಯಾರು ಬರೆದರೂ ಸುದ್ದಿ ತಲುಪುವಂತೆ ಶಿವಲೀಲಾ ಇಟ್ಟುಕೊಂಡಿದ್ದಳು. ಸ್ವಲ್ಪ ಹೊತ್ತಿಗೇ ಬಂದಳು.

“ನಾ ಅದೀನವ್ವಾ. ಮೊದಲ ನೀರು ಕಾಯಾಕ ಇಡು. ನನ್ನ ತೊಟ್ಟಲಾ ಅಂಗನವಾಡಿಗೆ ಕೊಟ್ಟೀನಿ. ಅಲ್ಲೆ ದಿನಾ ಯಾರದರ ಕೂಸು ಮಲಗ್ತೈತಿ. ನಿನಗ ಹೆಂಗ ಆತು, ಸಾವಕಾಶ ಹೇಳು.”

ಹೊಸದಾಗಿ ಬಂದವಳು ಹೇಳತೊಡಗಿದಳು. ಕೂಸು ಎಂದಳು, ತೊಟ್ಟಿಲು ಎಂದಳು, ಎಷ್ಟೋ ಸಲ ಎಂದಳು. ಅವರಿಬ್ಬರ ಮಾತಿನ ಕೆಳಗೆ ನಾನು ಖಾಲಿ ಇದ್ದೆ. ತೂಗಲಿಲ್ಲ.