ಕಪ್ಪು ತುಂಬಿದ ಡೈಮಂಡ್

ಕೌಂಟರಿನ ಹುಡುಗಿ ಮತ್ತೊಮ್ಮೆ ಕೀಲಿಗಳನ್ನು ಒತ್ತಿ ತಲೆಯಾಡಿಸಿದಳು. “ಈ ಹೆಸರಿನವರು ಇಲ್ಲ ಮೇಡಂ.”

“ಇಲ್ಲೇ ನಿಂತಿದ್ದೀನಲ್ಲಮ್ಮ,” ಎಂದಳು ಅಕ್ಕ. “ಕಣ್ಣು ಕಾಣದೇ ಇರೋದು ನನಗೋ ನಿನಗೋ?”

ಮರುದಿನ ಬೆಳಿಗ್ಗೆ ಅವಳ ಕಣ್ಣಿನ ಆಪರೇಷನ್. ಭಾವ ತೀರಿಕೊಂಡದ್ದು ಹಿಂದಿನ ತಿಂಗಳು. ಆಸ್ಪತ್ರೆಯ ತಂತ್ರಾಂಶ ನಮ್ಮ ಆಫೀಸಿನದೇ, ಅದರ ನಕ್ಷೆ ಬರೆದವಳು ನಾನೇ. ಹಾಗಾಗಿ ಅಕ್ಕ ಎಲ್ಲಿ ಕಾಣೆಯಾದಳೆಂದು ನನಗೆ ನಿಂತಲ್ಲೇ ಹೊಳೆಯಿತು.

ತಂತ್ರಾಂಶ ಕಟ್ಟುವ ಮೊದಲು ನಾವು ಅದನ್ನು ಚೌಕಗಳಲ್ಲಿ, ಗೆರೆಗಳಲ್ಲಿ ಬರೆಯುತ್ತೇವೆ. ಅದು ಅಲಂಕಾರವಲ್ಲ, ಭಾಷೆ. ಅದನ್ನು ಓದಿಯೇ ಯಂತ್ರ ಪ್ರೋಗ್ರಾಂ ಹೆಣೆಯುತ್ತದೆ. ಗೆರೆಯ ತುದಿಗೆ ಖಾಲಿ ಡೈಮಂಡ್, ಅಂದರೆ ಇಸ್ಪೀಟಿನ ಡೈಮಂಡಿನಂಥ ಗುರುತು, ಇಟ್ಟರೆ, ಇವರು ಅವರ ಜೊತೆಗಿದ್ದಾರೆ ಎಂದಷ್ಟೇ ಅರ್ಥ. ಅದೇ ಡೈಮಂಡಿಗೆ ಕಪ್ಪು ತುಂಬಿದರೆ, ಅವರು ಹೋದಾಗ ಇವರೂ ಹೋಗಬೇಕು. ಈ ಆಸ್ಪತ್ರೆಯಲ್ಲಿ ಮನೆಯವರೆಲ್ಲರ ದಾಖಲೆ ದುಡಿಯುವ ಯಜಮಾನನ ಹೆಸರಿನ ಕೆಳಗೆ. ಯಜಮಾನನಿಗೂ ಹೆಂಡತಿಗೂ ನಡುವೆ ನಾನು ಇಟ್ಟದ್ದು ಖಾಲಿಯದು.

ಅಂದಿನ ಮೀಟಿಂಗಿನಲ್ಲಿ ನಮ್ಮ ಮ್ಯಾನೇಜರು ಅದಕ್ಕೆ ಕಪ್ಪು ತುಂಬಿಸಿದರು. “ಆಸ್ಪತ್ರೆಯವರಿಗೆ ತೋರಿಸೋ ಚಿತ್ರ ಮೇಡಂ, ಬೋಳು ಬೋಳಾಗಿದ್ರೆ ಹೇಗೆ?”

“ಸರ್, ಹೀಗಾದ್ರೆ ಗಂಡ ಸತ್ತ ದಿನವೇ ಹೆಂಡತಿಯೂ ಅಳಿಸಿಹೋಗ್ತಾಳೆ.”

“ಪತಿವ್ರತೆ ಅಂದ್ರೆ ಹಾಗೇ ಅಲ್ವಾ!”

ಮೀಟಿಂಗಿಗೆ ಮೀಟಿಂಗೇ ನಕ್ಕಿತು. ನನ್ನ ಮಾತು ಆ ನಗುವಿನಲ್ಲೇ ಮುಳುಗಿತು.

ಈಗ ಆಸ್ಪತ್ರೆಯ ಕಾರಿಡಾರಿನಿಂದಲೇ ಆ ಮ್ಯಾನೇಜರಿಗೆ ಫೋನ್ ಮಾಡಿದೆ.

“ಈಗ ನಕ್ಷೆ ಮುಟ್ಟೋಕಾಗಲ್ಲ ಮೇಡಂ. ಅವರಿಗೆ ಮಗ ಇದ್ದಾನಲ್ಲ? ಅವನ ಕೆಳಗೆ ಸೇರಿಸಿಬಿಡಿ.”

“ಅವಳನ್ನೇ ಯಜಮಾನಿ ಮಾಡಿದ್ರೆ?”

“ಯಜಮಾನನ ಚೌಕಕ್ಕೆ ಸಂಬಳದ ವಿವರ ಕಡ್ಡಾಯ. ನಿಮ್ಮಕ್ಕ ಎಲ್ಲಿ ಕೆಲಸ ಮಾಡ್ತಾರೆ?”

ಅಕ್ಕನ ಕೈ ನೋಡಿದೆ. ಸೋಪಿನ ನೀರಿಗೆ ಉಗುರುಗಳ ಸುತ್ತ ಚರ್ಮ ಬಿರಿದಿತ್ತು. “ಎಲ್ಲೂ ಇಲ್ಲ ಸರ್,” ಎಂದು ಫೋನ್ ಇಟ್ಟೆ.

“ಮಗನ ಕೆಳಗೇ ಹಾಕ್ಸು,” ಎಂದಳು ಅಕ್ಕ, ಎಲ್ಲ ಕೇಳಿಸಿಕೊಂಡು. “ಅವನು ನೂರು ವರ್ಷ ಬಾಳಲಿ. ಇಲ್ದಿದ್ರೆ ನಾನು ಇನ್ನೊಂದು ಸಲ ಸಾಯ್ಬೇಕಾಗುತ್ತೆ.”

ಹುಡುಗಿ ಮಗನ ಹೆಸರು ಹಾಕಿದಳು. ಪರದೆಯ ಮೇಲೆ ಅಕ್ಕ ಬಂದಳು. ಹೆಸರಿದೆ, ವಯಸ್ಸಿದೆ, ಕೆಳಗೆ ಬರೀ ಬಿಳಿ.

“ಹೊಸಬರು ಅಂತ ತೋರಿಸ್ತಿದೆ ಮೇಡಂ. ಹಳೇ ಟೆಸ್ಟು ಯಾವುದೂ ಇಲ್ಲ, ಎಲ್ಲಾ ಮೊದಲಿಂದ ಆಗ್ಬೇಕು. ನಾಳೆ ಆಪರೇಷನ್ ಆಗಲ್ಲ.”

ಅಕ್ಕ ಕೈ ಚಾಚಿ ನನ್ನ ತೋಳು ಹುಡುಕಿದಳು. “ನಡಿಯೇ,” ಎಂದಳು, “ಮೆಟ್ಟಿಲು ಬಂದಾಗ ಹೇಳು.”