ಚಹಾ ಪರೀಕ್ಷಕನ ನಾಲಿಗೆ

ಶಸ್ತ್ರಚಿಕಿತ್ಸೆಯಲ್ಲಿ ಕಲ್ಲುಗಳ ಸಮೇತ ಪಿತ್ತಕೋಶ ಹೊರಬಿದ್ದಿತ್ತು. ಅರಿವಳಿಕೆ ಮಾತ್ರ ಮೈಯೊಳಗೇ ಬಿಡಾರ ಹೂಡಿದಂತಿತ್ತು. ಚಹಾ ಕಂಪನಿಯ ರುಚಿ ಪರೀಕ್ಷಕನಿಗೆ ಮೊದಲು ನಡುಕ ಬಂದು ಹಲ್ಲುಗಳು ತಾಳ ಹಾಕಿದವು. ಅದು ನಿಂತಿತೆನ್ನುವಷ್ಟರಲ್ಲಿ ನೋವಿನ ಔಷಧಿ ಮೂಗಿನ ತುದಿಗೆ ತುರಿಕೆ ಹಚ್ಚಿತು. ಅದರ ಬೆನ್ನಿಗೇ ವಾಂತಿ. ಪ್ರತಿ ಸಲವೂ ಹೊಟ್ಟೆಯ ಹೊಲಿಗೆಗಳು ಒಟ್ಟಾಗಿ ಜಗ್ಗಿದವು.

ಇದನ್ನೆಲ್ಲ ಅವನು ಹಲ್ಲುಕಚ್ಚಿ ಸಹಿಸಿಯಾನು. ಸಹಿಸಲಾಗದ್ದು ಬಾಯಿಯ ರುಚಿ. ಗುಟುಕು ನೀರು ಕುಡಿದರೂ ತುಕ್ಕುಮೊಳೆ ನೆಕ್ಕಿದಂತಿತ್ತು. ನಾಲಿಗೆಯೇ ಅವನ ಅನ್ನ. ಅದು ಹೀಗೇ ಉಳಿದರೆ ಕಂಪನಿಯಲ್ಲಿ ಇಟ್ಟುಕೊಳ್ಳುವವರು ಯಾರು? ಎಲ್ಲ ಔಷಧಿಗಳ ಪ್ರಭಾವ, ಮೊದಲು ವಾಂತಿ ನಿಲ್ಲಲಿ ಎಂದು ವೈದ್ಯೆ ಸಮಾಧಾನ ಹೇಳಿ, ಬಾಯಲ್ಲಿ ಕರಗುವ ಮಾತ್ರೆ ಕೊಡಿಸಿದರು.

ಮಾತ್ರೆಯೇನೋ ಬಂತು; ವಾಂತಿ ಜಪ್ಪಯ್ಯ ಎನ್ನಲಿಲ್ಲ. ನರ್ಸ್ ಇನ್ನೊಂದನ್ನು ಬಾಯಿಗಿಟ್ಟು ಹೋದಾಗ, ಪಕ್ಕದಲ್ಲಿ ಕೂತಿದ್ದ ಅಕ್ಕ ತಮ್ಮನನ್ನೇ ದಿಟ್ಟಿಸಿದಳು. ಅರೆನಿದ್ದೆಯಲ್ಲಿದ್ದವನು ಮಾತ್ರೆ ಕರಗುವವರೆಗೆ ಕಾದು, ಸುರ್‍ರೆಂದು ಗಾಳಿ ಎಳೆದು, ರಸವನ್ನು ಬಾಯೊಳಗೆಲ್ಲ ಹೊರಳಿಸಿ, ಬಗ್ಗಿ ಅಚ್ಚುಕಟ್ಟಾಗಿ ವಾಂತಿಗೆಂದು ಇಟ್ಟಿದ್ದ ಬಟ್ಟಲಿಗೆ ಉಗುಳಿದ. ಕಂಪನಿಯಲ್ಲಿ ದಿನವಿಡೀ ಅವನು ಮಾಡುವುದೂ ಅದೇ. ಪರೀಕ್ಷೆಗಿಟ್ಟ ಚಹಾವನ್ನೆಲ್ಲ ನುಂಗುತ್ತ ಹೋದರೆ ಹೊಟ್ಟೆ ಕೆರೆಯಾದೀತು.

"ಏನೋ ಮಾಡ್ತಿದ್ದೀಯ?"

"ರುಚಿ ನೋಡ್ದೆ," ಎಂದ, ಕಣ್ಣು ಬಿಡದೆ. "ಇದು ಮಾರ್ಕೆಟ್ಟಲ್ಲಿ ಓಡಲ್ಲ."

"ನಿನ್ನ ಅಭಿಪ್ರಾಯ ಯಾರಪ್ಪ ಕೇಳಿದ್ರು? ಅದು ನುಂಗೋದು ಕಣೋ."

ನಡೆದದ್ದನ್ನು ಅಕ್ಕ ವರದಿ ಮಾಡಿದಾಗ ನರ್ಸ್ ಗೋಡೆಯ ಕಡೆ ತಿರುಗಿ ನಕ್ಕು, ವೈದ್ಯೆಯನ್ನು ಕೇಳಿ ಮತ್ತೊಂದು ಮಾತ್ರೆ ತಂದಳು. ಚಿಕ್ಕಂದಿನಲ್ಲಿ ಕಷಾಯ ಕುಡಿಸುವಾಗಿನಂತೆ ಅಕ್ಕ ಅವನ ಬಾಯಿ ಮುಚ್ಚಿ ಹಿಡಿದಳು. ಗಂಟಲು ಅಲುಗುವವರೆಗೆ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಹೊಟ್ಟೆ ತಣ್ಣಗಾಗಿ ಅವನು ಗಾಢವಾಗಿ ನಿದ್ರಿಸಿದ.

ಬೆಳಗ್ಗೆ, ವೈದ್ಯೆಯ ಒಪ್ಪಿಗೆ ಪಡೆದು, ವಾರ್ಡಿನ ಚಹಾವನ್ನು ಹೆದರುತ್ತಲೇ ಹೀರಿದ. ಆ ತುಕ್ಕುಮೊಳೆ ಇನ್ನೂ ನಾಲಿಗೆಯ ಮೇಲೇ ಇತ್ತು. ಆದರೆ ಅದರ ಹಿಂದಿನಿಂದ ಬೇರೇನೋ ಇಣುಕಿತು. ಇನ್ನೊಮ್ಮೆ ಹೀರಿದ. ನುಂಗಿದ.

"ಹಳೇ ಪುಡಿ ಅಕ್ಕ. ಆರಿಹೋಗಿದ್ದನ್ನ ಮತ್ತೆ ಕುದಿಸಿದಾರೆ. ಲೋಟದಲ್ಲಿ ಸೋಪಿನ ವಾಸನೆ ಬೇರೆ." ಹೇಳುತ್ತ ಹೇಳುತ್ತ ಅವನ ಕಣ್ಣು ತುಂಬಿ ಬಂತು. ಲೋಟ ಬರಿದುಮಾಡಿ ಮುಂದೆ ಚಾಚಿದ. "ಇನ್ನೊಂದು ಸಿಗುತ್ತಾ ಕೇಳು."