ಉಗುರಿಗೆ ಸಿಕ್ಕ ಬಿರುಕು

ಉಗುರು ಎಲ್ಲೂ ತಡೆಯಲಿಲ್ಲ, ಅಣವೀರಪ್ಪ ಇನ್ನೊಮ್ಮೆ ರೆಕ್ಕೆಯ ಮೇಲೆ ಆಡಿಸಿದ, ಮುಟ್ಟಬಾರದೆಂಬ ಹಲಗೆ ಪಕ್ಕದಲ್ಲೇ ಇದೆ, ಇರಲಿ, ಸಾವಿರ ರಿವೆಟ್ ಹೊಡೆದಿದ್ದಾರೆ, ಒಂದರ ತಲೆಯೂ ಮೇಲೆದ್ದಿಲ್ಲ, ಯಾವ ಪುಣ್ಯಾತ್ಮನ ಕೈಯಪ್ಪಾ ಇದು — ಫೋರ್ಟಿನ ಮೈದಾನದಲ್ಲಿ ಬಿಸಿಲಿಗೆ ನಿಂತ ಈ ಜೆಟ್ ಹೋದ ಡಿಸೆಂಬರಿನ ಯುದ್ಧದಲ್ಲಿ ಶಬ್ದವನ್ನೇ ಹಿಂದೆ ಹಾಕಿತ್ತಂತೆ, ಆ ವೇಗಕ್ಕೆ ಕೂದಲೆಳೆಯಷ್ಟು ಬಿರುಕಿದ್ದರೂ ಮುಗಿಯಿತು, ಅಷ್ಟೇ ಬಿರುಕು ಅವನ ಜೇಬಿನಲ್ಲಿದೆ, ಬೆರಳುದ್ದದ ಉಕ್ಕಿನ ಪಿನ್, ಇಂಥದೇ ವಿಮಾನಕ್ಕೆ ಹೋಗುವಂಥದು, ಅದರ ಮೇಲೆ ಇನ್‌ಸ್ಪೆಕ್ಟರ್ ಕೇಶವಮೂರ್ತಿಯ ಏಳನೇ ನಂಬರಿನ ಠಸ್ಸೆ, ನೋಡದೆ ಹೊಡೆದದ್ದು, ಶನಿವಾರ ಕೆಲಸದಲ್ಲಿದ್ದಾಗ ಟ್ರೇಯಿಂದ ಎತ್ತಿಕೊಂಡು ಬಂದು ರಾತ್ರಿಯೆಲ್ಲ ಉಗುರಾಡಿಸಿ ಖುಷಿಪಟ್ಟಿದ್ದ, ನಾಳೆ ವಿಕ್ರೋಳಿಯ ಕಾರ್ಖಾನೆಯಲ್ಲಿ ಪ್ಯಾಕಿಂಗಿಗೆ ಮುಂಚೆ ಮತ್ತೆ ಟ್ರೇಗೆ ಹಾಕಿ ಬಾಯಿ ಮುಚ್ಚಿಕೊಂಡಿದ್ದರಾಯಿತು, ಒಂದು ದಿನ ಎಲ್ಲೋ ಮುರಿಯುತ್ತದೆ, ಏಳನೇ ನಂಬರು ಯಾರದೆಂದು ಹುಡುಕಿಕೊಂಡು ಬರುತ್ತಾರೆ, ಆಗ ಅಳಲಿ ಮಗ, ಹಿಂದೆ ಇಂಥದೇ ಪಿನ್ನಿನಲ್ಲಿ ತಾನು ಬಿಟ್ಟ ಬಿರುಕನ್ನು ನನ್ನ ತಮ್ಮ ಮರೆಪ್ಪನ ತಲೆಗೆ ಕಟ್ಟಿದನಲ್ಲ — ಅಣ್ಣಾ, ನಾ ತೋರ್ಸಿದ್ದೆ, ನಡೀತದ ಹಾಕು ಅಂದಾಂವ ಅವನ, ಎಂದು ಕೆಲಸ ಕಳೆದುಕೊಂಡ ದಿನ ಗೇಟಿನ ಹೊರಗೆ ನಿಂತು ಅತ್ತಿದ್ದ ಮರೆಪ್ಪ, ಲೇಥಿನಲ್ಲಿ ಪಳಗಿದ ಆ ಕೈ ಈಗ ಗೋರೆಗಾಂವದಲ್ಲಿ ಇಟ್ಟಿಗೆ ಹೊರುತ್ತಿದೆ, ಬಿಡಬಾರದು, ಅವನನ್ನು ಬಿಡಲೇಬಾರದು — ಸಾಲು ಮುಂದೆ ಸರಿಯಿತು, ಏಣಿ ಹತ್ತಿ ಒಳಗೆ ಇಣುಕಿದ, ಪೈಲಟ್ ಒಬ್ಬನೇ ಕೂರುವ ಸೀಟು, ಹೆಗಲಿನ ಪಟ್ಟಿಯ ಮೇಲೆ ಬೆವರಿನ ಬಿಳಿ ಕಲೆ, ಮರೆಪ್ಪನ ಅಂಗಿಯ ಮೇಲೂ ಇಂಥದೇ ಕಲೆ, ಪಿನ್ ಮುರಿದರೆ ಕೇಶವಮೂರ್ತಿಗೆ ಹೋಗುವುದು ಕೆಲಸ, ಈ ಬೆವರಿನವನಿಗೆ? ಥೂ, ಇವನೇನು ಮಾಡಿದ್ದ ನಮಗೆ — ಇಳಿಯುತ್ತಿದ್ದಂತೆ ಕೆಳಗೆ ಅದೇ ಇನ್‌ಸ್ಪೆಕ್ಟರನ ದನಿ, ಏನಪ್ಪಾ ಅಣವೀರಪ್ಪ, ನೀನೂ ಬಂದ್ಯಾ, ನೋಡೇ ಸುಮಿತ್ರಾ, ನಾನು ಪಾಸ್ ಮಾಡಿದ್ ಪಿನ್ನುಗಳು ಇಂಥಾ ವಿಮಾನಕ್ಕೇ ಹೋಗೋದು, ಹೆಂಡತಿಗೂ ಪಕ್ಕದಲ್ಲಿದ್ದ ವಾಯುಪಡೆಯ ಅಧಿಕಾರಿಗೂ ಕೇಳುವಂತೆ ಕೇಶವಮೂರ್ತಿ ಹೇಳುತ್ತಿದ್ದಾನೆ, ಅಣವೀರಪ್ಪನ ಕೈ ತಾನಾಗಿಯೇ ಜೇಬಿಗೆ ಹೋಯಿತು, ನಾಳೆ ಯಾಕೆ, ಇವತ್ತೇ, ಇಲ್ಲೇ — ಸಾಹೇಬ್ರ, ನಿಮ್ಮ ಠಸ್ಸೆ ಐತಿ ನೋಡ್ರಿ ಇದರ ಮ್ಯಾಲ, ಒಂದ ಸಲ ಉಗುರು ಆಡಿಸ್ರಿ, ನಗುತ್ತಲೇ ಆಡಿಸಿದ ಕೇಶವಮೂರ್ತಿ, ಠಸ್ಸೆಯ ಏಳು, ಅದರ ಅಂಚು, ಅಂಚಿನ ಕೆಳಗೆ, ಅಲ್ಲಿ, ಉಗುರು ತಡೆಯಿತು, ನಗು ನಿಂತಿತು, ಮತ್ತೆ ಆಡಿಸಿದ, ತಡೆಯಿತು, ದಿಖಾಯಿಯೇ, ಎಂದು ಅಧಿಕಾರಿ ಕೈ ಚಾಚಿದ್ದಾನೆ, ಕೇಶವಮೂರ್ತಿ ಕೊಡುತ್ತಿಲ್ಲ, ಅವನ ಉಗುರು ಅಲ್ಲೇ, ಅಂದಿನ ಪಿನ್ನಿನಲ್ಲಿ ಮರೆಪ್ಪ ತೋರಿಸಿದ್ದಂಥ ಜಾಗದಲ್ಲೇ, ತಡೆದು ನಿಂತಿದೆ.